ಒಲಿಂಪಿಕ್ಸ್ ಇಲ್ಲದ ಕಾಲದ ಕ್ಯಾಪ್ಟನ್: ಎಲ್ವೆರಾ ಬ್ರಿಟ್ಟೊ

ಕಳೆದ ತಿಂಗಳು ಅಪ್ಪ ಊರಿಂದ ಬಂದಾಗ ಕೈಯಲ್ಲಿ ಎರಡು ಚೀಲ, ಕಂಕುಳಲ್ಲಿ ಹಳೇ ಪೇಪರ್ ಸುತ್ತಿದ್ದ ಏನೋ ಒಂದು ಉದ್ದನೆಯ ವಸ್ತು. ಚೀಲದಲ್ಲಿ ಏನಿರುತ್ತೆ ಅಂತ ನನಗೆ ಗೊತ್ತೇ ಇತ್ತು: ಅವರೆಕಾಯಿ, ಅಮ್ಮನ ಚಟ್ನಿಪುಡಿ, ಒಂದು ಡಬ್ಬ ತುಪ್ಪ. "ಇದೇನಪ್ಪಾ?" ಅಂತ ಪೇಪರ್ ಬಿಚ್ಚಿದರೆ ಒಳಗೆ ನನ್ನ ಹಾಕಿ ಸ್ಟಿಕ್! ಹಿಡಿಗೆ ಸುತ್ತಿದ್ದ ಕೆಂಪು ಗ್ರಿಪ್ ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು.

"ಮನೆಗೆ ಬಣ್ಣ ಹೊಡೆಸ್ತಾ ಇದೀವಲ್ಲ, ಅಟ್ಟ ಖಾಲಿ ಮಾಡುವಾಗ ಸಿಕ್ತು. ಎಸೆಯೋಕೆ ಮನಸ್ಸು ಬರ್ಲಿಲ್ಲ," ಅಂದರು ಅಪ್ಪ. ಅಷ್ಟು ಹೇಳಿ ಕಾಫಿ ಕುಡಿಯತೊಡಗಿದರು. ನಾನೂ ಏನೂ ಹೇಳಲಿಲ್ಲ. ಆ ಸ್ಟಿಕ್ಕಿನ ಬಗ್ಗೆ ನಾವಿಬ್ಬರೂ ಮಾತಾಡಿ ಹದಿನಾಲ್ಕು ವರ್ಷ ಆಗಿತ್ತು.

ನಮ್ಮದು ಶಿಡ್ಲಘಟ್ಟದ ಕಡೆಯ ಹಳ್ಳಿ. ಅಪ್ಪ ಹಿಪ್ಪುನೇರಳೆ ಬೆಳೆದು, ರೇಷ್ಮೆಹುಳು ಸಾಕಿ, ಗೂಡು ಮಾರಿ ನನ್ನನ್ನು ಓದಿಸಿದವರು. ಹೈಸ್ಕೂಲಿನಲ್ಲಿ ನಮ್ಮ ಪಿ.ಟಿ. ಮೇಷ್ಟ್ರು ಹುಡುಗಿಯರದ್ದೊಂದು ಹಾಕಿ ಟೀಮ್ ಕಟ್ಟಿದ್ದರು. ತಾಲ್ಲೂಕು ಗೆದ್ದೆವು, ಜಿಲ್ಲೆಗೆ ಹೋದೆವು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಕ್ರೀಡಾ ಹಾಸ್ಟೆಲ್ಲಿಗೆ ಸೇರುವ ಮಾತು ಬಂತು. ಆಗ ಅಪ್ಪ ಒಂದೇ ಪ್ರಶ್ನೆ ಕೇಳಿದ್ದರು: "ಆಡಿದ್ರೆ ಮುಂದೆ ಏನು ಸಿಗುತ್ತೆ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳೋಕೇ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪಿಯುಸಿ ಸೈನ್ಸ್, ಸಿಇಟಿ, ಇಂಜಿನಿಯರಿಂಗ್, ಕ್ಯಾಂಪಸ್ ಪ್ಲೇಸ್‌ಮೆಂಟ್... ಆಮೇಲಿನ ಕಥೆ ನಿಮ್ಮದೂ ನನ್ನದೂ ಒಂದೇ ಇರಬೇಕು.

ಅಪ್ಪ ಬಂದ ವಾರವೇ ನನ್ನ ಅಪ್ರೈಸಲ್ ಕೂಡ ಇತ್ತು. ಸತತ ಮೂರನೇ ವರ್ಷ ಅದೇ ಲೆವೆಲ್. "ಕೆಲಸ ಚೆನ್ನಾಗಿದೆ, ಆದರೆ ನೆಕ್ಸ್ಟ್ ಲೆವೆಲ್‌ಗೆ ಇನ್ನೂ ಸ್ವಲ್ಪ ಟೈಮ್ ಬೇಕು" ಅನ್ನುವ ಮಾತು. ನನಗೀಗ ಮೂವತ್ತು. ಜೊತೆಯಲ್ಲಿ ಸೇರಿದವರು ಯಾವ್ಯಾವುದೋ ದೊಡ್ಡ ಡೆಸಿಗ್ನೇಷನ್ ಹಾಕಿಕೊಂಡು ಫೋಟೊ ಬದಲಾಯಿಸುತ್ತಿದ್ದಾರೆ. ಹಾಕಿ ಬಿಟ್ಟು ಹಿಡಿದ ಏಣಿಯಲ್ಲೂ ಮೆಟ್ಟಿಲು ಹತ್ತುತ್ತಿಲ್ಲವಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಗೋಡೆಗೆ ಒರಗಿಸಿದ್ದ ಸ್ಟಿಕ್ ನೋಡುತ್ತಾ ಮಲಗಿದ್ದಾಗ ನೆನಪಾದ ಹೆಸರು ಎಲ್ವೆರಾ ಬ್ರಿಟ್ಟೊ.

ಬಸ್ಸಿನಲ್ಲಿ ಓದಿದ ಸುದ್ದಿ

2022ರ ಏಪ್ರಿಲ್ ಕೊನೆ. ವರ್ಕ್ ಫ್ರಮ್ ಹೋಮ್ ಮುಗಿದು ಮತ್ತೆ ಆಫೀಸಿಗೆ ಹೋಗಲು ಶುರು ಮಾಡಿದ ದಿನಗಳು. ನಾನಿರುವುದು ಹಲಸೂರಿನಲ್ಲಿ, ಆಫೀಸು ಕೆ.ಆರ್. ಪುರದಾಚೆ. ಆಗಿನ್ನೂ ನೇರಳೆ ಮಾರ್ಗದ ಮೆಟ್ರೊ ಬೈಯಪ್ಪನಹಳ್ಳಿಗೇ ಮುಗಿಯುತ್ತಿತ್ತು. ಅಲ್ಲಿಂದ ಕೆ.ಆರ್. ಪುರಕ್ಕೆ ಹಳಿ ಜೋಡಿಸಿದ್ದು 2023ರ ಅಕ್ಟೋಬರಿನಲ್ಲಿ. ಹಾಗಾಗಿ ಬೈಯಪ್ಪನಹಳ್ಳಿಯಲ್ಲಿ ಇಳಿದು, ಬಸ್ ಹತ್ತಿ, ಹಳೇ ಮದ್ರಾಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತುಕೊಂಡೇ ಫೋನ್ ಸ್ಕ್ರೋಲ್ ಮಾಡೋದು ನಿತ್ಯದ ಕೆಲಸ.

ಹಾಗೊಂದು ದಿನ ಕಣ್ಣಿಗೆ ಬಿದ್ದ ಸುದ್ದಿ: ಭಾರತ ಮಹಿಳಾ ಹಾಕಿ ತಂಡದ ಮಾಜಿ ನಾಯಕಿ, ಅರ್ಜುನ ಪ್ರಶಸ್ತಿ ಪುರಸ್ಕೃತೆ ಎಲ್ವೆರಾ ಬ್ರಿಟ್ಟೊ ಏಪ್ರಿಲ್ 26ರಂದು ಬೆಂಗಳೂರಿನಲ್ಲಿ ನಿಧನ, ಅವರಿಗೆ 81 ವರ್ಷ ವಯಸ್ಸಾಗಿತ್ತು. ಜೊತೆಗೊಂದು ಕಪ್ಪು ಬಿಳುಪು ಫೋಟೊ. ಅಯ್ಯೋ, ನಾನು ಹಾಕಿ ಆಡುತ್ತಿದ್ದವಳು, ಈ ಹೆಸರೇ ಕೇಳಿಲ್ಲವಲ್ಲ ಅಂದುಕೊಂಡೆ. ಅಷ್ಟರಲ್ಲಿ ಸ್ಟಾಪ್ ಬಂತು, ಇಳಿದೆ, ಮರೆತೆ.

ನಾಲ್ಕು ದಿನ ಬಿಟ್ಟು ಮರೆತಿದ್ದರೆ ಬೇರೆ ಮಾತು. ನಾನು ಮರೆತದ್ದು ನಾಲ್ಕೇ ನಿಮಿಷದಲ್ಲಿ. ಇದೇ ಕಂಟೋನ್ಮೆಂಟಿನ ಕಡೆ ಆಡಿ ಬೆಳೆದ, ನಾನು ದಿನಾ ಓಡಾಡುವ ಬೀದಿಗಳಿಗೆ ಅಷ್ಟು ಹತ್ತಿರದ ಒಬ್ಬ ಕ್ಯಾಪ್ಟನ್. ಈಗ ಸ್ಟಿಕ್ ಮನೆಗೆ ಬಂದ ಮೇಲೆ ಕೂತು ಸರಿಯಾಗಿ ಓದಿದೆ.

ಏಳು ಸಲ, ಒಂದರ ಹಿಂದೆ ಒಂದು

ಮೊದಲು ಸ್ವಲ್ಪ ಹಿನ್ನೆಲೆ. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಸೈನ್ಯ ಬೆಂಗಳೂರಿಗೆ ಬಂದು 1809ರಲ್ಲಿ ಹಲಸೂರಿನ ಬಳಿ ದಂಡು ಕಟ್ಟಿಕೊಂಡಿತು. ಹಳಬರು ಇವತ್ತಿಗೂ ಆ ಭಾಗವನ್ನು ದಂಡು ಅಂತಲೇ ಕರೆಯುತ್ತಾರೆ. 1881ರಿಂದ 1947ರವರೆಗೆ ಅದು ಮೈಸೂರು ಮಹಾರಾಜರ ಆಳ್ವಿಕೆಗೆ ಸೇರದ ಬೇರೆಯದೇ ಆಡಳಿತ. 1949ರಲ್ಲಿ ಪೇಟೆ ಮತ್ತು ದಂಡು ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಸೈನಿಕರ ಜೊತೆ ಹಾಕಿಯೂ ಬಂತು. ಕಂಟೋನ್ಮೆಂಟಿನ ಕಾನ್ವೆಂಟ್ ಶಾಲೆಗಳಲ್ಲಿ ಹುಡುಗಿಯರೂ ಸ್ಟಿಕ್ ಹಿಡಿದರು. ಹೆಣ್ಣುಮಕ್ಕಳು ಮೈದಾನಕ್ಕೆ ಇಳಿಯೋದೇ ದೊಡ್ಡ ಸಂಗತಿ ಆಗಿದ್ದ ಕಾಲದಲ್ಲಿ ಇಲ್ಲಿ ಅದು ಶಾಲೆಯ ಟೈಮ್‌ಟೇಬಲ್ಲಿನ ಒಂದು ಪೀರಿಯಡ್.

ಆ ವಾತಾವರಣದಿಂದ ಬಂದವರು ಬ್ರಿಟ್ಟೊ ಸೋದರಿಯರು: ಎಲ್ವೆರಾ, ರೀಟಾ, ಮೇ. ಮೂವರೂ ರಾಜ್ಯ ತಂಡದ ಆಟಗಾರ್ತಿಯರು. ಒಂದೇ ಮನೆಯಿಂದ ಮೂರು ಜನ ಒಂದೇ ಜೆರ್ಸಿಯಲ್ಲಿ! ಮನೆಯಲ್ಲಿ ಟಿ.ವಿ. ರಿಮೋಟಿಗೆ ಜಗಳ ಆಡುವ ನನ್ನಂಥವರಿಗೆ ಅಕ್ಕನೇ ಕ್ಯಾಪ್ಟನ್ ಆದರೆ ಹೇಗಿರುತ್ತೆ ಅಂತ ಊಹಿಸೋಕೂ ಕಷ್ಟ.

ಅಕ್ಕ ಎಲ್ವೆರಾ ಮುನ್ನಡೆಸಿದ ತಂಡ 1960ರಿಂದ 1967ರ ಅವಧಿಯಲ್ಲಿ ಸತತವಾಗಿ ಏಳು ಬಾರಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಮಹಿಳೆಯರ ರಾಷ್ಟ್ರೀಯ ಹಾಕಿಗೆ ಕೊಡುತ್ತಿದ್ದದ್ದು ಲೇಡಿ ರತನ್ ಟಾಟಾ ಟ್ರೋಫಿ. ಆಗ ನಮ್ಮ ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು ಬಂದಿರಲಿಲ್ಲ, ಅದು ಬಂದದ್ದು 1973ರ ನವೆಂಬರ್ 1ಕ್ಕೆ. ಹಾಗಾಗಿ ಅವರು ಆಡಿದ್ದು ಮೈಸೂರು ರಾಜ್ಯದ ಹೆಸರಲ್ಲಿ. ಇವತ್ತು ಗೂಗಲ್‌ನಲ್ಲಿ ಕರ್ನಾಟಕ ಅಂತ ಹುಡುಕುವವರ ಕೈಗೆ ಈ ಕಥೆ ಸುಲಭಕ್ಕೆ ಸಿಗದಿರಲು ಅದೂ ಒಂದು ಕಾರಣ ಇರಬಹುದು.

ಏಳು ಸಲ ಅಂದರೆ ಎಷ್ಟು ಕಷ್ಟ? ಇಂಜಿನಿಯರ್ ಬುದ್ಧಿ ಸುಮ್ಮನಿರಬೇಕಲ್ಲ, ಲೆಕ್ಕ ಹಾಕಿದೆ. ಒಂದು ಟೂರ್ನಿ ಗೆಲ್ಲುವ ಅವಕಾಶ ಅರ್ಧಕ್ಕರ್ಧ ಇದೆ ಅಂದುಕೊಳ್ಳಿ. ಸತತ ಏಳು ಗೆಲ್ಲೋದು 128ರಲ್ಲಿ ಒಂದು ಸಲ ಮಾತ್ರ ಸಾಧ್ಯ. ಹೋಗಲಿ, ತಂಡ ತುಂಬಾ ಗಟ್ಟಿ, ಪ್ರತಿ ಸಲ ಗೆಲ್ಲುವ ಅವಕಾಶ ಶೇಕಡಾ 80 ಅಂತ ಇಟ್ಟುಕೊಂಡರೂ ಸತತ ಏಳು ಬರೋದು ಶೇಕಡಾ 21ರಷ್ಟು ಸಲ. ಶೇಕಡಾ 90 ಅಂತ ಹಿಡಿದರೂ 48. ಅಂದರೆ ಹತ್ತಕ್ಕೆ ಒಂಬತ್ತು ಸಲ ಗೆಲ್ಲುವಷ್ಟು ಬಲವಾದ ತಂಡ ಕೂಡ ಏಳು ವರ್ಷದಲ್ಲಿ ಎಲ್ಲೋ ಒಂದು ಕಡೆ ಎಡವುವ ಸಾಧ್ಯತೆಯೇ ಹೆಚ್ಚು. ಇವರು ಎಡವಲಿಲ್ಲ.

ನಮ್ಮ ಭಾಷೆಯಲ್ಲಿ ಹೇಳೋದಾದರೆ ಏಳು ವರ್ಷ ಒಮ್ಮೆಯೂ ಡೌನ್ ಆಗದ ಸರ್ವರ್. ಅಂಥ ಸಿಸ್ಟಮ್ ಅದೃಷ್ಟದಿಂದ ನಡೆಯಲ್ಲ ಅಂತ ರಾತ್ರಿ ಮೂರಕ್ಕೆ ಆನ್‌ಕಾಲ್ ಅಲರ್ಟ್ ಬಂದು ಎದ್ದು ಕೂತವರಿಗೆಲ್ಲ ಗೊತ್ತು. ಒಮ್ಮೆ ಗೆಲ್ಲೋಕೆ ಫಾರ್ಮ್ ಸಾಕು. ಮೂರನೇ ಸಲ ಗೆಲ್ಲುವ ಹೊತ್ತಿಗೆ ಎದುರಾಳಿಗಳು ನಿಮ್ಮ ಆಟ ಓದಿಕೊಂಡು ಬಂದಿರುತ್ತಾರೆ. ಏಳನೇ ಸಲ ಗೆಲ್ಲಬೇಕಾದರೆ ಹಳಬರು ಹೋದ ಜಾಗಕ್ಕೆ ಹೊಸಬರು ತಯಾರಾಗಿರಬೇಕು, ಮತ್ತು ಆರು ಸಲ ಗೆದ್ದವರ ಹೊಟ್ಟೆಯಲ್ಲಿ ಇನ್ನೂ ಹಸಿವಿರಬೇಕು. ಅದನ್ನು ಉಳಿಸೋದು ಕ್ಯಾಪ್ಟನ್ ಕೆಲಸ.

1965ರಲ್ಲಿ ಎಲ್ವೆರಾ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಪ್ರಶಸ್ತಿ ಶುರುವಾದದ್ದೇ 1961ರಲ್ಲಿ. ಆ ಮೊದಲ ವರ್ಷವೇ ಬಂಗಾಳದ ಆನ್ ಲಮ್ಸ್‌ಡೆನ್ ಅದನ್ನು ಪಡೆದಿದ್ದರು. ಅವರ ನಂತರ ಅರ್ಜುನ ಪಡೆದ ಎರಡನೇ ಮಹಿಳಾ ಹಾಕಿ ಆಟಗಾರ್ತಿ ನಮ್ಮ ಎಲ್ವೆರಾ. ಭಾರತದ ಪರವಾಗಿ ಆಸ್ಟ್ರೇಲಿಯಾ, ಜಪಾನ್ ಮತ್ತು ಆಗ ಸಿಲೋನ್ ಅಂತ ಕರೆಸಿಕೊಳ್ಳುತ್ತಿದ್ದ ಶ್ರೀಲಂಕಾ ವಿರುದ್ಧ ಆಡಿದರು.

ಮೇಲಿನ ಮೆಟ್ಟಿಲೇ ಇರಲಿಲ್ಲ

ಇಲ್ಲಿಯವರೆಗೆ ಓದಿದವರು "ಸರಿ, ಒಲಿಂಪಿಕ್ಸ್‌ನಲ್ಲಿ ಏನಾಯ್ತು?" ಅಂತ ಕೇಳುತ್ತೀರಿ. ನಾನೂ ಅದನ್ನೇ ಹುಡುಕಿದ್ದು. ಉತ್ತರ ಸರಳ. ಅವರ ಕಾಲದಲ್ಲಿ ಮಹಿಳೆಯರಿಗೆ ಒಲಿಂಪಿಕ್ಸ್ ಹಾಕಿಯೇ ಇರಲಿಲ್ಲ.

ಗಂಡಸರ ಹಾಕಿ 1908ರ ಲಂಡನ್ ಒಲಿಂಪಿಕ್ಸ್‌ನಲ್ಲೇ ಬಂದಿತ್ತು. ಮಹಿಳೆಯರದ್ದು ಬಂದಿದ್ದು 1980ರಲ್ಲಿ, ಮಾಸ್ಕೊದಲ್ಲಿ. ನಡುವೆ 72 ವರ್ಷ. ಎಲ್ವೆರಾ ರಾಷ್ಟ್ರೀಯ ಕಪ್ಪುಗಳನ್ನು ಗೆಲ್ಲುತ್ತಿದ್ದ ಅದೇ ಅವಧಿಯಲ್ಲಿ ನಮ್ಮ ಗಂಡಸರ ತಂಡ 1960ರಲ್ಲಿ ರೋಮ್‌ನಿಂದ ಬೆಳ್ಳಿ ತಂದಿತು, 1964ರಲ್ಲಿ ಟೋಕಿಯೊದಿಂದ ಚಿನ್ನ ತಂದಿತು. ಆಟ ಒಂದೇ, ಚೆಂಡು ಒಂದೇ. ಹೆಂಗಸರಿಗೆ ಮಾತ್ರ ಆ ವಿಮಾನದಲ್ಲಿ ಸೀಟಿಲ್ಲ.

ಇದಕ್ಕೆ ಕಾರಣ ಬರೀ ಗಂಡಸರು ಬಾಗಿಲು ಹಾಕಿದ್ದು ಅಂತ ನಾನು ಅಂದುಕೊಂಡಿದ್ದೆ. ಕಥೆ ಅಷ್ಟು ಸೀದಾ ಇಲ್ಲ. ಆಗ ವಿಶ್ವ ಹಾಕಿಗೆ ಎರಡು ಸಂಸ್ಥೆಗಳು. ಒಂದು 1924ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್. ಇನ್ನೊಂದು 1927ರಲ್ಲಿ ಮಹಿಳೆಯರೇ ಕಟ್ಟಿಕೊಂಡ ಪ್ರತ್ಯೇಕ ಒಕ್ಕೂಟ. ಮಹಿಳೆಯರ ಆಟವನ್ನು ಮಹಿಳೆಯರೇ ನಡೆಸಬೇಕು ಅನ್ನುವ ಸ್ವಾಭಿಮಾನ ಆ ಒಕ್ಕೂಟಕ್ಕಿತ್ತು. ಆದರೆ ಕಪ್ಪು, ಪದಕ, ಪೈಪೋಟಿ ಬೇಡ, ಸ್ನೇಹಕ್ಕಾಗಿ ಆಡೋಣ ಅನ್ನುವ ಹಳೇ ಪದ್ಧತಿಗೂ ಅದು ಬಹಳ ವರ್ಷ ಅಂಟಿಕೊಂಡಿತ್ತು. ಎರಡೂ ಸಂಸ್ಥೆಗಳು ಒಂದಾಗಿದ್ದು 1982ರಲ್ಲಿ. ಹೀಗೆ ದೊಡ್ಡವರ ಎರಡು ಮನೆಗಳ ನಡುವೆ ಎಲ್ವೆರಾ ತಲೆಮಾರಿನ ಆಟಗಾರ್ತಿಯರ ವಯಸ್ಸು ಕಳೆದುಹೋಯಿತು.

ಅವರು ಗೆಲುವಿನ ಓಟ ಮುಗಿಸಿದ ಏಳು ವರ್ಷಕ್ಕೆ, 1974ರಲ್ಲಿ, ಫ್ರಾನ್ಸಿನಲ್ಲಿ ಮಹಿಳೆಯರ ಮೊದಲ ಹಾಕಿ ವಿಶ್ವಕಪ್ ನಡೆಯಿತು. ಭಾರತ ನಾಲ್ಕನೇ ಸ್ಥಾನ ಪಡೆಯಿತು. 1980ರ ಮಾಸ್ಕೊದಲ್ಲಿ ಎಷ್ಟೋ ದೇಶಗಳು ಬಹಿಷ್ಕಾರ ಹಾಕಿದ್ದರಿಂದ ಆಡಿದ್ದು ಆರು ತಂಡ. ಕೊನೇ ಗಳಿಗೆಯಲ್ಲಿ ಕರೆಸಿಕೊಂಡ ಜಿಂಬಾಬ್ವೆ ಚಿನ್ನ ಗೆದ್ದಿತು, ನಮ್ಮವರು ಮತ್ತೆ ನಾಲ್ಕನೆಯವರಾದರು. ಏಷ್ಯನ್ ಗೇಮ್ಸ್‌ಗೆ ಮಹಿಳಾ ಹಾಕಿ ಬಂದದ್ದು 1982ರ ದೆಹಲಿಯಲ್ಲಿ, ಅಲ್ಲಿ ಭಾರತಕ್ಕೆ ಚಿನ್ನ. ಆ ಹೊತ್ತಿಗೆ ಎಲ್ವೆರಾ ಅವರಿಗೆ ನಲವತ್ತು ದಾಟಿತ್ತು.

ಇನ್ನೊಂದು ವಿಷಯ ಗಮನಿಸಿ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದಿದ್ದೇ 1981ರಲ್ಲಿ. ಅಂದರೆ ಆ ಏಳು ಗೆಲುವುಗಳಲ್ಲಿ ಒಂದನ್ನೂ ಈ ಊರಿನವರು ಮನೆಯಲ್ಲಿ ಕೂತು ನೋಡಲಿಲ್ಲ. ಹೈಲೈಟ್ಸ್ ಇಲ್ಲ, ರೀಲ್ಸ್ ಇಲ್ಲ, ಫಾಲೋವರ್ಸ್ ಇಲ್ಲ. ಮೈದಾನದ ಸುತ್ತ ನಿಂತವರು ನೋಡಿದ್ದೇ ನೋಡಿದ್ದು.

ಇದನ್ನೆಲ್ಲ ತ್ಯಾಗ, ಬಲಿದಾನ ಅಂತ ಬಣ್ಣಿಸಲು ನನಗೆ ಇಷ್ಟವಿಲ್ಲ. ಸಿಗಬೇಕಾದ್ದು ಸಿಗಲಿಲ್ಲ, ಅದು ನಷ್ಟವೇ. ಆದರೆ ಒಂದು ಯೋಚನೆ ಮಾತ್ರ ತಲೆಯಿಂದ ಹೋಗಲಿಲ್ಲ. ನಾವೆಲ್ಲ ಕರಿಯರ್ ಅಂದರೆ ಏಣಿ ಅಂದುಕೊಂಡಿದ್ದೇವೆ. ಈ ಮೆಟ್ಟಿಲು ಮುಗೀತು, ಮುಂದಿನದು ಯಾವುದು? ಅವರಿಗೆ ಕೈಗೆ ಸಿಗುವ ಕೊನೆಯ ಮೆಟ್ಟಿಲು ರಾಷ್ಟ್ರೀಯ ಚಾಂಪಿಯನ್‌ಷಿಪ್. ಅದರ ಮೇಲೆ ಹತ್ತೋಣ ಅಂದರೆ ಗಾಳಿ. ಮೊದಲನೇ ಸಲ ಗೆದ್ದಾಗಲೇ "ಆಯ್ತಲ್ಲ, ಇನ್ನೇನಿದೆ?" ಅಂತ ಮನೆಗೆ ಹೋಗಬಹುದಿತ್ತು. ಅವರು ಮುಂದಿನ ವರ್ಷವೂ ಅದೇ ಮೆಟ್ಟಿಲಿಗೆ ಬಂದರು. ಅದರ ಮುಂದಿನ ವರ್ಷವೂ.

ಮೂರು ವರ್ಷ ಒಂದೇ ಲೆವೆಲ್‌ನಲ್ಲಿದ್ದೇನೆ ಅಂತ ಕೊರಗುತ್ತಿದ್ದವಳಿಗೆ ಇದು ಸ್ವಲ್ಪ ತಟ್ಟಿತು.

ಅಪ್ಪನ ಪ್ರಶ್ನೆ, ಎರಡನೇ ಸಲ

ಮಾರನೇ ದಿನ ಬೆಳಗ್ಗೆ ಅಪ್ಪನ ಜೊತೆ ಹಲಸೂರು ಕೆರೆ ಕಡೆ ವಾಕಿಂಗ್ ಹೋದೆ. ಪಕ್ಕದ ಎಂ.ಇ.ಜಿ. ಸೆಂಟರಿನ ಕಡೆಯಿಂದ ಸೈನಿಕರ ಕವಾಯತಿನ ಕೂಗು ಕೇಳುತ್ತಿತ್ತು. ನಡೆಯುತ್ತಾ ಎಲ್ವೆರಾ ಬ್ರಿಟ್ಟೊ ಕಥೆ ಹೇಳಿದೆ. ಎಲ್ಲ ಕೇಳಿಸಿಕೊಂಡು ಅಪ್ಪ ಕೇಳಿದ್ದು ಏನು ಗೊತ್ತಾ? "ಅಷ್ಟೆಲ್ಲ ಆಡಿದ್ರಲ್ಲ, ಅವರಿಗೆ ಏನು ಸಿಕ್ತು?"

ಹದಿನಾಲ್ಕು ವರ್ಷದ ಹಿಂದಿನ ಅದೇ ಪ್ರಶ್ನೆ! ಈ ಸಲ ನನ್ನ ಹತ್ತಿರ ಹೇಳೋಕೆ ಸ್ವಲ್ಪ ಇತ್ತು. ಅರ್ಜುನ ಪ್ರಶಸ್ತಿ ಸಿಕ್ತು ಅಂದೆ. ಏಳು ಸಲ ಕಪ್ ಸಿಕ್ತು ಅಂದೆ. ಆಟ ನಿಂತ ಮೇಲೂ ಅವರು ಮೈದಾನ ಬಿಡಲಿಲ್ಲ ಅಂತ ಹೇಳಿದೆ. ತಂಡದ ಆಯ್ಕೆಗಾರ್ತಿಯಾದರು, ಮ್ಯಾನೇಜರ್ ಆಗಿ ದುಡಿದರು, ಕರ್ನಾಟಕ ರಾಜ್ಯ ಮಹಿಳಾ ಹಾಕಿ ಸಂಸ್ಥೆಗೆ ಎಂಟು ವರ್ಷ ಅಧ್ಯಕ್ಷರಾಗಿದ್ದರು. ತಮಗೆ ಇಲ್ಲದ ಮೆಟ್ಟಿಲನ್ನು ಮುಂದಿನವರು ಹತ್ತುವಾಗ ಕೆಳಗೆ ನಿಂತು ಏಣಿ ಹಿಡಿದವರು ಅವರು.

"ಏಳು ಸಲಾನಾ?" ಅಂದರು ಅಪ್ಪ. ಮಿಕ್ಕಿದ್ದೆಲ್ಲ ಬಿಟ್ಟು ಅವರಿಗೆ ಹಿಡಿಸಿದ್ದು ಅದೊಂದೇ. ಸ್ವಲ್ಪ ದೂರ ಸುಮ್ಮನೆ ನಡೆದರು. ಆಮೇಲೆ, "ನಮ್ಮದೂ ಹಂಗೇ ಅಲ್ವಾ? ಗೂಡಿಗೆ ಪ್ರಮೋಷನ್ ಇರಲ್ಲ. ಈ ಬೆಳೆ ಚೆನ್ನಾಗಿ ಬಂತು ಅಂದ್ರೆ ಮತ್ತೆ ತಟ್ಟೆ ತೊಳೆದು, ಸುಣ್ಣ ಹೊಡೆದು, ಮೊದಲಿಂದ ಶುರು. ಹುಳಕ್ಕೇನು ಗೊತ್ತು ಹೋದ ಸಲ ನಾನು ಒಳ್ಳೆ ಬೆಳೆ ತೆಗೆದಿದ್ದೆ ಅಂತ? ಒಂದು ದಿನ ಸೊಪ್ಪು ಹಾಕೋದು ತಪ್ಪಿದ್ರೆ ಮುಗೀತು," ಅಂದರು.

ಮೂವತ್ತು ವರ್ಷ ಅಪ್ಪನ ಮಗಳಾಗಿದ್ದೂ ಅವರ ಕೆಲಸವನ್ನು ನಾನು ಹಾಗೆ ನೋಡಿರಲಿಲ್ಲ. ವರ್ಷಕ್ಕೆ ಐದಾರು ಬೆಳೆ, ಪ್ರತಿ ಸಲವೂ ಸೊನ್ನೆಯಿಂದ. ಅವರ ರೆಸ್ಯೂಮೆಯಲ್ಲಿ ಬರೆಯೋಕೆ ಒಂದೇ ಸಾಲು ಇದೆ. ಆ ಒಂದು ಸಾಲಿನ ದುಡ್ಡಿನಲ್ಲೇ ನನ್ನ ರೆಸ್ಯೂಮೆಯ ಎಲ್ಲ ಸಾಲುಗಳೂ ಬಂದಿದ್ದು.

ಮನೆಗೆ ಬಂದ ಮೇಲೆ ಅಪ್ಪ ಸ್ಟಿಕ್ ಎತ್ತಿ, ಉಗುರಿನಿಂದ ಮೆಲ್ಲಗೆ ತಟ್ಟಿ ನೋಡಿದರು. "ಇದು ನಮ್ಮ ತೋಟದ ಮರಾನೇ ಕಣೆ," ಅಂದರು. ನಿಜವೇ. ನಮ್ಮಲ್ಲಿ ಹಾಕಿ ಸ್ಟಿಕ್ಕಿಗೆ ಹಿಂದಿನಿಂದಲೂ ಬಳಸುತ್ತಿದ್ದದ್ದು ಹಿಪ್ಪುನೇರಳೆ ಮರ, ಬಗ್ಗಿಸಿದರೆ ಮುರಿಯದೆ ಬಾಗುತ್ತೆ ಅನ್ನುವ ಕಾರಣಕ್ಕೆ. ಈಗಿನ ದೊಡ್ಡ ಆಟಗಾರರು ಹಿಡಿಯೋದು ಕಾರ್ಬನ್ ಫೈಬರ್ ಸ್ಟಿಕ್. ನನ್ನದು ಮಾತ್ರ ಹಳೇ ಮರದ್ದು. ಅಪ್ಪ ಬೆಳೆದ ಸೊಪ್ಪು ಹುಳಕ್ಕೆ, ಅದೇ ಜಾತಿಯ ಮರ ಮಗಳ ಕೈಗೆ. ಇಷ್ಟು ವರ್ಷ ಅದನ್ನು ಇಬ್ಬರೂ ಹೇಳಿಕೊಂಡಿರಲಿಲ್ಲ.

"ಅವತ್ತು ನಾನು ಕೇಳಿದ್ದು ತಪ್ಪಾ?" ಅಂತ ಕೇಳಿದರು, ನನ್ನ ಮುಖ ನೋಡದೆ.

ಏನು ಹೇಳಲಿ? ತಪ್ಪು ಅಂದರೆ ಅದು ಸುಳ್ಳು. ಅವತ್ತು ಮನೆಯಲ್ಲಿ ಇದ್ದದ್ದು ಒಂದೇ ಬೆಳೆಯ ದುಡ್ಡು, ಓದಬೇಕಾದವರು ಇಬ್ಬರು. ತಪ್ಪಲ್ಲ ಅಂದರೆ ಅದೂ ಪೂರ್ತಿ ಸತ್ಯವಲ್ಲ. "ಪ್ರಶ್ನೆ ಸರಿ ಇತ್ತಪ್ಪ. ನನಗೆ ಉತ್ತರ ಹುಡುಕೋಕೆ ಒಂದು ವರ್ಷ ಟೈಮ್ ಕೊಟ್ಟಿದ್ರೆ ಚೆನ್ನಾಗಿರ್ತಿತ್ತು," ಅಂದೆ. ಅವರು ತಲೆಯಾಡಿಸಿದರು. ಇಷ್ಟೇ ಮಾತು. ಆದರೆ ಹದಿನಾಲ್ಕು ವರ್ಷದಿಂದ ಬಾಕಿ ಇದ್ದ ಟಿಕೆಟ್ ಒಂದು ಕ್ಲೋಸ್ ಆಯಿತು ಅನ್ನಿಸಿತು.

ಭಾನುವಾರದ ಮೈದಾನ

ಅಪ್ಪ ಊರಿಗೆ ಹೋದ ಮೇಲೆ ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿ ಸ್ಟಿಕ್ಕಿಗೆ ಹೊಸ ಗ್ರಿಪ್ ಹಾಕಿಸಿದೆ. ಅಂಗಡಿಯವರು ಸ್ಟಿಕ್ ತಿರುಗಿಸಿ ನೋಡಿ, "ಮೇಡಂ, ಹಳೇದು ಗಟ್ಟಿ ಇದೆ, ಹೊಸದು ತಗೋಬೇಡಿ," ಅಂದರು. ವ್ಯಾಪಾರಿಯೊಬ್ಬರು ಹೀಗೆ ಹೇಳಿದ್ದು ನನ್ನ ಜೀವನದಲ್ಲಿ ಮೊದಲ ಸಲ!

ಕಾಲೇಜಿನ ಗೆಳತಿಯೊಬ್ಬಳು ಭಾನುವಾರ ಬೆಳಗ್ಗೆ ಒಂದು ಮಣ್ಣಿನ ಮೈದಾನದಲ್ಲಿ ಆಡುವ ಗುಂಪಿಗೆ ಸೇರಿಸಿದಳು. ನಮ್ಮಂಥ ನಾಲ್ಕೈದು ಜನ ಕೆಲಸದವರು, ಮಿಕ್ಕವರೆಲ್ಲ ಸುತ್ತಮುತ್ತಲಿನ ಶಾಲೆಗಳ ಹುಡುಗಿಯರು. ಮೊದಲ ಭಾನುವಾರ ಹತ್ತು ನಿಮಿಷಕ್ಕೆ ಉಸಿರು ಕಟ್ಟಿ ಗೋಲ್‌ಪೋಸ್ಟ್ ಪಕ್ಕ ಕೂತೆ. ಸೋಮವಾರ ಮೆಟ್ರೊ ಮೆಟ್ಟಿಲು ಇಳಿಯುವಾಗ ಮೊಣಕಾಲು ಅತ್ತಿತು. ಆದರೆ ಎರಡನೇ ಭಾನುವಾರ ಬಲಗಡೆಯಿಂದ ಬಂದ ಒಂದು ಪಾಸನ್ನು ಕೈ ತಾನಾಗೇ ಹಿಡಿಯಿತು. ತಲೆ ಮರೆತಿದ್ದನ್ನು ಮಣಿಕಟ್ಟು ಮರೆತಿರಲಿಲ್ಲ.

ಗುಂಪಿನಲ್ಲಿ ಹದಿನಾಲ್ಕರ ಒಬ್ಬ ಹುಡುಗಿ ಇದ್ದಾಳೆ. ಓಡಿದರೆ ಹಿಡಿಯೋಕೆ ಆಗಲ್ಲ. ಮೊನ್ನೆ ನೀರು ಕುಡಿಯುವಾಗ ಕೇಳಿದಳು, "ಅಕ್ಕ, ನೀವು ಆಟ ಯಾಕೆ ಬಿಟ್ರಿ?" ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ನಕ್ಕು, "ನಮ್ಮಮ್ಮಾನೂ ಹಂಗೇ ಕೇಳ್ತಾರೆ, ಆಡಿದ್ರೆ ಏನು ಸಿಗುತ್ತೆ ಅಂತ. ಮುಂದಿನ ವರ್ಷ ಟೆಂತ್ ಅಲ್ವಾ, ಬಿಡು ಅಂತಿದ್ದಾರೆ," ಅಂದಳು. ಮುಂದಿನ ಭಾನುವಾರ ಅವಳ ಅಮ್ಮ ಮೈದಾನಕ್ಕೆ ಬರುತ್ತಾರೆ. ಅವರ ಹತ್ತಿರ ಮಾತಾಡ್ತೀನಿ ಅಂತ ನಾನೇ ಒಪ್ಪಿಕೊಂಡಿದ್ದೇನೆ.

ಏನು ಹೇಳಬೇಕು ಅಂತ ವಾರದಿಂದ ಯೋಚಿಸುತ್ತಿದ್ದೇನೆ. ಇವತ್ತಿನ ಏಣಿಗೆ ಮೆಟ್ಟಿಲುಗಳಿವೆ ಅಂತ ಹೇಳಬಹುದು. 2002ರಲ್ಲಿ ನಮ್ಮ ಹುಡುಗಿಯರು ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು. ಕೋವಿಡ್ ಕಾಲದಲ್ಲಿ ತಿಂಗಳುಗಟ್ಟಲೆ ಇದೇ ಬೆಂಗಳೂರಿನ ಸಾಯ್ ಕೇಂದ್ರದಲ್ಲಿ ಉಳಿದು ಅಭ್ಯಾಸ ಮಾಡಿದ ರಾಣಿ ರಾಂಪಾಲ್ ತಂಡ 2021ರ ಆಗಸ್ಟ್ 2ರಂದು ಟೋಕಿಯೊದಲ್ಲಿ ಆಸ್ಟ್ರೇಲಿಯಾವನ್ನು 1-0ಯಿಂದ ಸೋಲಿಸಿ ಸೆಮಿಫೈನಲ್‌ಗೆ ಹೋಯಿತು. ಕಂಚಿನ ಪಂದ್ಯದಲ್ಲಿ ಬ್ರಿಟನ್ ಎದುರು 3-4ರಿಂದ ಸೋತು ನಾಲ್ಕನೆಯವರಾದರು. 1964ರಲ್ಲಿ ಎಲ್ವೆರಾ ತಲೆಮಾರಿನವರಿಗೆ ಬಾಗಿಲು ತೆರೆಯದ ಅದೇ ಟೋಕಿಯೊ. ಆಗ ಎಲ್ವೆರಾ ಬದುಕಿದ್ದರು. 2025ರ ಜನವರಿಯಲ್ಲಿ ಮಹಿಳೆಯರ ಹಾಕಿ ಇಂಡಿಯಾ ಲೀಗ್ ರಾಂಚಿಯಲ್ಲಿ ಶುರುವಾಯಿತು. ಅದರ ಹರಾಜಿನಲ್ಲಿ ಉದಿತಾ ಅವರಿಗೆ ಸಿಕ್ಕಿದ್ದು 32 ಲಕ್ಷ ರೂಪಾಯಿ.

ಆದರೆ ಆ 32 ಲಕ್ಷ ತೋರಿಸಿ ಮಾತ್ರ ಒಬ್ಬ ತಾಯಿಯನ್ನು ಒಪ್ಪಿಸಿದರೆ ನಾನು ಮೋಸ ಮಾಡಿದಂತೆ. ಮೊದಲ ಲೀಗಿನಲ್ಲಿ ಇದ್ದದ್ದು ನಾಲ್ಕೇ ತಂಡ. ಟೋಕಿಯೊದಲ್ಲಿ ನಾಲ್ಕನೆಯದಾದ ಭಾರತ ತಂಡ 2024ರ ಪ್ಯಾರಿಸ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ. ಮೆಟ್ಟಿಲು ಇವೆ, ಆದರೆ ಕಿರಿದು. ಬಹಳ ಹುಡುಗಿಯರಿಗೆ ಜಿಲ್ಲಾ ಟೀಮೇ ಕೊನೆಯ ಮೆಟ್ಟಿಲು ಆಗಬಹುದು.

ಹಾಗಾಗಿ ಎರಡೂ ಹೇಳುತ್ತೇನೆ. ಓದು ಬಿಡಿಸಬೇಡಿ, ಸ್ಟಿಕ್ಕನ್ನೂ ಅಟ್ಟಕ್ಕೆ ಹಾಕಬೇಡಿ, ಒಂದು ವರ್ಷ ನೋಡಿ ಅಂತ ಕೇಳಿಕೊಳ್ಳುತ್ತೇನೆ. ಟೆಂತ್ ಗಣಿತ ನಾನೇ ಹೇಳಿಕೊಡ್ತೀನಿ, ಭಾನುವಾರ ಆಟದ ನಂತರ ಒಂದು ಗಂಟೆ. ಆಮೇಲೆ ಇದೇ ಊರಲ್ಲಿ, ಇಲ್ಲೇ ಹತ್ತಿರದಲ್ಲಿ, ಮುಂದೆ ಏನೂ ಸಿಗಲ್ಲ ಅಂತ ಗೊತ್ತಿದ್ದೂ ಏಳು ಸಲ ಗೆದ್ದ ಒಬ್ಬ ಕ್ಯಾಪ್ಟನ್ ಇದ್ದರು ಅಂತ ಹೇಳುತ್ತೇನೆ. ಒಪ್ಪುತ್ತಾರೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು. ಪ್ರಶ್ನೆ ಕೇಳುವ ಹಕ್ಕು ಅವರಿಗಿದೆ.

ಅಪ್ರೈಸಲ್ ವಿಷಯ ಏನಾಯಿತು ಅಂತೀರಾ? ಏನೂ ಆಗಲಿಲ್ಲ, ಅದೇ ಲೆವೆಲ್ಲು. ಈ ಸಲದ ರಿಲೀಸ್ ಮಾತ್ರ ಒಂದೇ ಒಂದು ಅಲರ್ಟ್ ಇಲ್ಲದೆ ಹೋಯಿತು. ಶುಕ್ರವಾರ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಸರಿ, ಮುಂದಿನದಕ್ಕೆ ತಟ್ಟೆ ತೊಳಕೊ," ಅಂದರು.

ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಸ್ಟಿಕ್ಕೋ, ಬ್ಯಾಟೋ, ಗೆಜ್ಜೆಯೋ, ಕೊಳಲೋ ಇರಬಹುದು. ಈ ಸಲ ಊರಿಗೆ ಹೋದಾಗ ಇಳಿಸಿ ನೋಡಿ. ಅದರ ಕಥೆ ಇದ್ದರೆ ಓದುಗರ ಅಂಕಣಕ್ಕೆ ಬರೆದು ಕಳಿಸಿ, ನಾನಂತೂ ಓದಲು ಕಾಯುತ್ತಿರುತ್ತೇನೆ. ಭಾನುವಾರ ಬೆಳಗ್ಗೆ ಆರರಿಂದ ಎಂಟರವರೆಗೆ ಬಿಟ್ಟು.